ಪಥ್ಯ ಎಷ್ಟು ದಿನ ಅಂತ ನಾನು ಹೇಳಿರಲಿಲ್ಲ

ನಾನು ಬರೆದುಕೊಟ್ಟ ಆ ಪಥ್ಯದ ಚೀಟಿ ನನ್ನ ಮೇಜಿಗೆ ವಾಪಸ್ ಬಂದಾಗ ಅದಕ್ಕೆ ಹನ್ನೊಂದು ತಿಂಗಳಾಗಿತ್ತು. ನಾಲ್ಕೂ ಮೂಲೆಯಲ್ಲಿ ಒಣಗಿದ ಅನ್ನದ ಅಗುಳು. ಒಂದು ಕಡೆ ಅರಿಶಿನದ ಹೆಬ್ಬೆರಳ ಗುರುತು. ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂಟಿಸಿದ್ದನ್ನು ಹಾಗೇ ಕಿತ್ತು ತಂದಿದ್ದರು. ಮೇಲೆ ನನ್ನದೇ ಅಕ್ಷರ, ಕೆಳಗೆ ನನ್ನದೇ ಸಹಿ.

ತಂದವರು ಹೊಸನಗರದ ಕಡೆಯ ಒಬ್ಬ ಅಡಿಕೆ ಬೆಳೆಗಾರರ ಹೆಂಡತಿ. ಗಂಡ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಹಿಂದಿನ ವರ್ಷ ಮೈತುಂಬ ಕೂತಿದ್ದ ಅಂಗಿ ಈಗ ಹೆಗಲಿಂದ ಜೋಲುತ್ತಿತ್ತು. ತೂಕ ಹಾಕಿಸಿದೆ. ಆರು ಕೆಜಿ ಇಳಿದಿತ್ತು.

"ಹೊಟ್ಟೆ ಹೇಗಿದೆ?" ಅಂದೆ.

"ಹೊಟ್ಟೆ ಅಡ್ಡಿಲ್ಲ ಮೇಡಂ. ಊಟ ಅಂದ್ರೇ ಹೆದರಿಕೆ ಈಗ."

ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ನಾನು ಡಯಟಿಶಿಯನ್. ಜನರ ಬಾಯಲ್ಲಿ "ಡಯಟ್ ಮೇಡಂ". ಬರುವವರಲ್ಲಿ ಶುಗರ್‌ನವರೇ ಜಾಸ್ತಿ, ಅವರ ಹಿಂದೆಯೇ ಹೊಟ್ಟೆಯವರು. ನಮ್ಮ ಕಡೆ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ಭೇದಿಯಾದರೂ ಗ್ಯಾಸ್ಟ್ರಿಕ್, ನಾಲ್ಕು ದಿನ ಕಕ್ಕಸಿಗೆ ಹೋಗದಿದ್ದರೂ ಗ್ಯಾಸ್ಟ್ರಿಕ್. ಇವರೂ ಹಾಗೇ ಹೇಳಿಕೊಂಡು ಬಂದವರು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಅಂತ ಬರೆದು ನನ್ನ ಕಡೆ ಕಳಿಸಿದ್ದರು. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಆದರೆ ತಿಂಗಳುಗಟ್ಟಲೆ, ವಾರಕ್ಕೊಂದು ದಿನವಾದರೂ ಹೊಟ್ಟೆನೋವು. ಅದರ ಜೊತೆಗೆ ಕಕ್ಕಸಿನ ಲೆಕ್ಕ ತಪ್ಪುವುದು.

ಅವರ ಕಷ್ಟ ಬಸ್ಸಿನದು. ಊರಿಂದ ಶಿವಮೊಗ್ಗಕ್ಕೆ ಬರುವುದಾದರೆ ಹಿಂದಿನ ರಾತ್ರಿಯಿಂದಲೇ ಉಪವಾಸ. ಬೆಳಿಗ್ಗೆ ಕಾಫಿಯೂ ಇಲ್ಲ. ದಾರಿ ಮಧ್ಯೆ ಹೊಟ್ಟೆ ಕೈಕೊಟ್ಟರೆ ಎಲ್ಲಿ ಇಳಿಯುವುದು? ಯಾವ ಸ್ಟಾಪಿನಲ್ಲಿ ಕಕ್ಕಸು ಇದೆ, ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ ಅಂತ ಅವರಿಗೆ ಬಾಯಿಪಾಠ. ಮದುವೆ ಮನೆಗೆ ಹೋದರೂ ಊಟಕ್ಕೆ ಕೂರದೆ, ಈಗಷ್ಟೇ ತಿಂದು ಬಂದೆ ಅಂತ ಸುಳ್ಳು ಹೇಳಿ ಎದ್ದು ಬರುತ್ತಿದ್ದರಂತೆ. ನಾಲ್ಕು ವರ್ಷ ಹೀಗೆ.

ನಾನು ಅವರಿಗೆ ಕೊಟ್ಟಿದ್ದು ಫಾಡ್‌ಮ್ಯಾಪ್ ಕಮ್ಮಿ ಇರುವ ಊಟದ ಚೀಟಿ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ತಂಡ ಬೆಳೆಸಿದ ಪದ್ಧತಿ ಇದು. ಹೆಸರು ಮೊದಲು ಅಚ್ಚಾಗಿದ್ದು 2005ರಲ್ಲಿ. ವಿಷಯ ಅಂಥ ಕಷ್ಟದ್ದಲ್ಲ. ಕೆಲವು ಜಾತಿಯ ಸಕ್ಕರೆ ಮತ್ತು ನಾರು ಸಣ್ಣ ಕರುಳಿನಲ್ಲಿ ಸರಿಯಾಗಿ ಜೀರ್ಣವಾಗುವುದಿಲ್ಲ. ಇವಕ್ಕೆಲ್ಲ ಸೇರಿ ಇಟ್ಟ ಹೆಸರೇ ಫಾಡ್‌ಮ್ಯಾಪ್. ಅವು ನೀರು ಎಳೆದುಕೊಂಡು ಮುಂದೆ ಹೋಗುತ್ತವೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುಳಿಸುತ್ತವೆ, ಗಾಳಿ ತುಂಬುತ್ತದೆ. ದೋಸೆ ಹಿಟ್ಟು ರಾತ್ರಿ ಉಕ್ಕಿ ಪಾತ್ರೆಯ ಮುಚ್ಚಳ ಎತ್ತುತ್ತದಲ್ಲ, ಹಾಗೆ. ಈ ಗಾಳಿ ಎಲ್ಲರ ಹೊಟ್ಟೆಯಲ್ಲೂ ಆಗುತ್ತದೆ. ಐಬಿಎಸ್ ಇರುವವರ ಕರುಳಿಗೆ ಮಾತ್ರ ಆ ಹಿಗ್ಗಾಟ ಬೇಗ ನೋವಾಗಿ ಗೊತ್ತಾಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್. ಹಾಲಿನಲ್ಲಿ ಲ್ಯಾಕ್ಟೋಸ್. ಕಡಲೆ, ರಾಜ್ಮಾ, ಬೇಳೆಗಳಲ್ಲಿ ಇನ್ನೊಂದು ಜಾತಿ. ಮಾವಿನಹಣ್ಣು, ಜೇನುತುಪ್ಪದಲ್ಲಿ ಹೆಚ್ಚುವರಿ ಫ್ರಕ್ಟೋಸ್. ಇವನ್ನೆಲ್ಲ ಎರಡರಿಂದ ಆರು ವಾರ ನಿಲ್ಲಿಸಬೇಕು. ಆಮೇಲೆ ಒಂದೊಂದನ್ನೇ ವಾಪಸ್ ತಂದು, ಯಾವುದು ಎಷ್ಟರ ಮಟ್ಟಿಗೆ ಆಗುತ್ತದೆ ಅಂತ ನೋಡಬೇಕು. ಕೊನೆಗೆ, ಆಗದ್ದನ್ನು ಮಾತ್ರ ಕಮ್ಮಿ ಮಾಡಿ ಉಳಿದದ್ದನ್ನು ತಿಂದುಕೊಂಡಿರಬೇಕು.

ನಾನು ಮೊದಲನೆಯದನ್ನು ಚೀಟಿಯಲ್ಲಿ ಬರೆದೆ. ಎರಡು ಮೂರನೆಯದನ್ನು ಬಾಯಲ್ಲಿ ಹೇಳಿದೆ, ಅದೂ ಗಡಿಬಿಡಿಯಲ್ಲಿ. "ತಿಂಗಳು ಬಿಟ್ಟು ಬನ್ನಿ, ಮುಂದಿನದು ಹೇಳ್ತೀನಿ" ಅಂದಿದ್ದೆ. ಅವರು ಬರಲಿಲ್ಲ. ಮಳೆ, ಕೊಳೆರೋಗಕ್ಕೆ ಔಷಧಿ ಹೊಡೆಸುವುದು, ಆಮೇಲೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಅಡಿಕೆ ಮನೆಯವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಜೊತೆಗೆ ಹೊಟ್ಟೆ ಬೇರೆ ಸರಿಯಾಗಿತ್ತು. ಸರಿಯಾದವರು ಡಾಕ್ಟರ ಹತ್ತಿರ ಯಾಕೆ ಬರುತ್ತಾರೆ? ನಾನೂ ಫೋನ್ ಮಾಡಲಿಲ್ಲ. ಬರಲಿಲ್ಲ ಅಂದರೆ ಗುಣವಾಗಿದೆ ಅಂತ ಅಂದುಕೊಳ್ಳುವುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಇರುವ ಸೋಮಾರಿತನ.

ಹೆಂಡತಿ ಆವತ್ತು ಹೇಳಿದ ಮಾತು ಇದು. "ಕಾಮಾಲೆಗೆ ನಾಟಿ ಔಷಧಿ ಕೊಡೋರೂ ಪಥ್ಯ ಎಷ್ಟು ದಿನ ಅಂತ ಹೇಳ್ತಾರೆ ಮೇಡಂ. ನೀವು ಬಿಡಿ ಅಂದ್ರಿ, ಬಿಟ್ವಿ. ತಿನ್ನಿ ಅಂತ ಯಾರು ಹೇಳ್ಬೇಕು? ಹನ್ನೊಂದು ತಿಂಗಳಿಂದ ನಮ್ಮನೇಲಿ ದಿನಾ ತಿಥಿ ಅಡುಗೆ."

ತಿಥಿ ಅಡುಗೆ ಅಂದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು. ನಗು ಬಂತು, ನಗಲಾಗಲಿಲ್ಲ. ಗಂಡನಿಗೆ ಬೇರೆ, ಮಕ್ಕಳಿಗೆ ಬೇರೆ ಅಂತ ದಿನಕ್ಕೆ ಎರಡು ಅಡುಗೆ ಮಾಡಿ ಆಕೆ ಸೋತಿದ್ದರು. ಕೊನೆಗೆ ಇಡೀ ಮನೆಗೇ ಪಥ್ಯದ ಊಟ ಮಾಡಿಬಿಟ್ಟಿದ್ದರು. ಇನ್ನೊಂದು ವಿಷಯ. ಆ ಚೀಟಿ ನಮ್ಮ ಊರಿನದೇ ಅಲ್ಲ. ಎಲ್ಲಿಂದಲೋ ಬಂದ ಪಟ್ಟಿಯನ್ನು ನಾನು ಕನ್ನಡಕ್ಕೆ ಇಳಿಸಿದ್ದೆ. ತಿನ್ನಬಹುದಾದ್ದರಲ್ಲಿ ಕ್ವಿನೋವಾ, ಬ್ಲೂಬೆರಿ. ಕಡುಬು, ಅಕ್ಕಿ ರೊಟ್ಟಿ, ಗಂಜಿ ಇವು ಯಾವುವೂ ಇರಲಿಲ್ಲ. ಅಕ್ಕಿ ಈ ಪದ್ಧತಿಗೆ ಹೇಳಿ ಮಾಡಿಸಿದ ಧಾನ್ಯ. ಮಲೆನಾಡಿನ ಅರ್ಧ ಅಡುಗೆ ಅದರದ್ದೇ. ಚೀಟಿಯಲ್ಲಿ ಇಲ್ಲ ಅಂತ ಅವರು ಉದ್ದಿನ ಹಿಟ್ಟು ಬೀಳದ ಅಕ್ಕಿ ಕಡುಬನ್ನೂ ಹೆದರಿ ಬಿಟ್ಟಿದ್ದರು.

ಆರು ಕೆಜಿ ಇಳಿದದ್ದನ್ನು ಸುಮ್ನೆ ಪಥ್ಯದ ಲೆಕ್ಕಕ್ಕೆ ಹಾಕುವ ಹಾಗಿಲ್ಲ. ಮೊದಲು ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ. ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇವು ಇದ್ದರೆ ಚೀಟಿ ಬರೆಯುವ ನನ್ನ ಪೆನ್ನು ಮುಚ್ಚಿಡಬೇಕು. ಗೋಧಿಯದ್ದೂ ಹಾಗೇ. ಗೋಧಿಯಲ್ಲಿರುವ ಗ್ಲುಟೆನ್ನಿನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸುವುದಾದರೆ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಪುಣ್ಯಕ್ಕೆ ಇವರ ಡಾಕ್ಟರು ಮೊದಲೇ ಮಾಡಿಸಿದ್ದರು. ಈ ಸಲವೂ ಎಲ್ಲ ಸರಿ ಬಂತು. ತೂಕ ಇಳಿದದ್ದು ಊಟ ಕಮ್ಮಿಯಾಗಿಯೇ. ಅಂದರೆ ನನ್ನ ಚೀಟಿಯಿಂದಲೇ.

ಶುರು ಮಾಡುವುದು ಯಾವುದರಿಂದ? ನಾನು ಹಾಲು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಲಸಿನ ಹಣ್ಣು ಆಗ್ಬಹುದಾ ಮೇಡಂ? ಮಳೆ ಜೋರಾದ್ರೆ ಮುಗಿದುಹೋಗ್ತದೆ" ಅಂದರು. ಮನೆ ಹಿಂದಿನ ಮರದ ಹಣ್ಣು. ವರ್ಷವಿಡೀ ಕಾಯುವ ಮನುಷ್ಯನ ಎದುರು ಮನೆಯವರೆಲ್ಲ ಕೂತು ತಿನ್ನುತ್ತಿದ್ದರಂತೆ. ಈರುಳ್ಳಿ, ಹಾಲು ಎಲ್ಲಿಗೂ ಓಡಿಹೋಗುವುದಿಲ್ಲ. ಹಲಸು ಕಾಯುವುದಿಲ್ಲ. ಸರಿ, ಅದೇ ಮೊದಲು ಅಂದೆ.

ಮೊದಲ ದಿನ ಎರಡು ತೊಳೆ. ಮರುದಿನ ನಾಲ್ಕು. ಮೂರನೇ ದಿನ ಎಂಟು. ಮಧ್ಯೆ ಬೇರೆ ಯಾವ ಹೊಸದೂ ಇಲ್ಲ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಎಷ್ಟು ತಿಂದೆ, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು. ನಾಲ್ಕರವರೆಗೆ ಏನೂ ಇಲ್ಲ. ಎಂಟಕ್ಕೆ ರಾತ್ರಿ ಹೊಟ್ಟೆ ಉಬ್ಬರ, ಬೆಳಿಗ್ಗೆ ಎರಡು ಸಲ ಓಟ. ಹೊಟ್ಟೆ ತಣ್ಣಗಾಗಲಿ ಅಂತ ಮೂರು ದಿನ ಬಿಟ್ಟು ಮುಂದಿನದು. ಫೋನಿನಲ್ಲಿ ಅವರು ಹೇಳಿದ್ದು ಕೇಳಬೇಕಿತ್ತು. "ನಾಲ್ಕು ತೊಳೆ ಆಗ್ತದೆ ಮೇಡಂ, ನಾಲ್ಕು!" ಮಗ ಪಾಸಾದ ಸುದ್ದಿ ಹೇಳುವ ಹಾಗೆ.

ಹಾಲು ಅರ್ಧ ಲೋಟಕ್ಕೇ ತೊಂದರೆ ಕೊಟ್ಟಿತು. ಮಜ್ಜಿಗೆ ಎಷ್ಟು ಕುಡಿದರೂ ಇಲ್ಲ. ಮೊಸರಾಗುವಾಗ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಒಂದಷ್ಟು ತಿಂದಿರುತ್ತವೆ. ತಂಬುಳಿಗೆ ಹೀಗೆ ದಾರಿಯಾಯಿತು. ಚಪಾತಿ ಎರಡಾದರೆ ಏನಿಲ್ಲ. ತೊಗರಿಬೇಳೆಯ ಸಾರು ನಡೆಯುತ್ತದೆ, ಕಡಲೆ ಉಸಲಿ ನಡೆಯುವುದಿಲ್ಲ. ಈರುಳ್ಳಿ ಮಾತ್ರ ಕಾಲು ಗಡ್ಡೆಗೇ ಹೊಟ್ಟೆ ಹಿಡಿಯುತ್ತಿತ್ತು. ನಾಲ್ಕು ವರ್ಷದ ಕಷ್ಟದಲ್ಲಿ ದೊಡ್ಡ ಪಾಲು ಈರುಳ್ಳಿಯದೂ ಹಾಲು ಕಾಫಿಯದೂ ಅಂತ ನನ್ನ ಅಂದಾಜು. ಇಷ್ಟಕ್ಕೆ ಅವರು ಮೂವತ್ತು ಪದಾರ್ಥ ಬಿಟ್ಟು ಕೂತಿದ್ದರು.

ಬೆಳ್ಳುಳ್ಳಿಯ ವಿಷಯದಲ್ಲಿ ಒಂದು ಉಪಾಯ ಇದೆ. ಹೆಂಡತಿಗೆ ಅದನ್ನು ಹೇಳಿದಾಗ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಎಣ್ಣೆ ಕಾಯಿಸಿ, ಇಡೀ ಎಸಳುಗಳನ್ನು ಹಾಕಿ, ಕೆಂಪಾದ ಮೇಲೆ ಒಂದನ್ನೂ ಬಿಡದೆ ಎತ್ತಿ ತೆಗೆದುಬಿಡಬೇಕು. ಜಜ್ಜಿದರೆ ಚೂರು ಉಳಿಯುತ್ತದೆ, ಜಜ್ಜಬಾರದು. ಘಮ ಎಣ್ಣೆಯಲ್ಲಿ ಇರುತ್ತದೆ. ಆ ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿ ಸಾರಿಗೆ ಒಗ್ಗರಣೆ. ಎಸಳು ಸಾರಿಗೆ ಬಿದ್ದು ಕುದಿಯಿತೋ, ಲೆಕ್ಕ ತಪ್ಪಿತು, ಸಾರು ನೀರೇ ಅಲ್ವಾ. ತೆಗೆದ ಎಸಳು ಮಕ್ಕಳ ತಟ್ಟೆಗೆ. ಎರಡು ಅಡುಗೆಯ ಕಾಟ ಅಲ್ಲಿಗೆ ಅರ್ಧ ತಪ್ಪಿತು.

ಕವಳದ, ಅಂದರೆ ಎಲೆ ಅಡಿಕೆಯ ವಿಷಯ ಎತ್ತುವುದು ನನಗೆ ಯಾವತ್ತೂ ಕಷ್ಟ. ಅಡಿಕೆಯಲ್ಲಿರುವ ಅರೆಕೋಲಿನ್ ಕರುಳನ್ನು ಓಡಿಸುವ ಗುಣದ್ದು. ಬಾಯಿಯ ಕ್ಯಾನ್ಸರಿನ ಮಾತು ಬೇರೆಯೇ ಇದೆ. ಅಡಿಕೆ ತೋಟದವರಿಗೆ ಅಡಿಕೆ ಬಿಡಿ ಅಂದರೆ ಹೇಗಿರುತ್ತದೆ ಹೇಳಿ. ಅವರು ನನ್ನನ್ನು ನೋಡಿದರು, ನಾನು ಚೀಟಿ ನೋಡಿದೆ. ದಿನಕ್ಕೆ ಎಂಟಿದ್ದದ್ದು ಈಗ ಎರಡಕ್ಕೆ ಇಳಿದಿದೆಯಂತೆ. ನಂಬಿದ್ದೇನೆ.

ಇವರಾದ ಮೇಲೆ ನನ್ನ ಹಳೇ ಫೈಲುಗಳನ್ನೆಲ್ಲ ತೆಗೆದು ಕೂತೆ. ಹೊಟ್ಟೆಗೆ ಅಂತ ಚೀಟಿ ಕೊಟ್ಟವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಸಾಗರದ ಕಡೆಯ ಒಬ್ಬ ಅಜ್ಜಿಗೆ ಮಲಬದ್ಧತೆ. ಇಸಬ್‌ಗೋಲ್ ತಗೊಳ್ಳಿ ಅಂದಿದ್ದೆ. ಒಂದು ಚಮಚಕ್ಕೆ ದೊಡ್ಡ ಲೋಟ ನೀರು, ಆಮೇಲೂ ನೀರು ಅಂತ ಒತ್ತಿ ಹೇಳಿರಲಿಲ್ಲ. ಮಳೆಗಾಲದ ಚಳಿಯಲ್ಲಿ ಮಲೆನಾಡಿನವರು ನೀರು ಕುಡಿಯುವುದು ಅಷ್ಟಕ್ಕಷ್ಟೆ. ಎರಡು ಗುಟುಕಿನಲ್ಲಿ ನುಂಗಿ ಅಜ್ಜಿಗೆ ಇನ್ನೂ ಗಟ್ಟಿಯಾಗಿತ್ತು. ಈಗ ಜೀರಿಗೆ ಕುದಿಸಿದ ಬಿಸಿನೀರು ಫ್ಲಾಸ್ಕಿನಲ್ಲಿ ಪಕ್ಕಕ್ಕಿಟ್ಟುಕೊಳ್ಳುತ್ತಾರೆ, ಸರಿಯಾಗಿದ್ದಾರೆ.

ಇನ್ನೊಬ್ಬರಿಗೆ ಆಗುತ್ತಿದ್ದ ಭೇದಿಗೂ ಊಟಕ್ಕೂ ಸಂಬಂಧವೇ ಇರಲಿಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್ ಶುರು ಮಾಡಿದ ವಾರದಿಂದ ಶುರುವಾಗಿತ್ತು. ಆ ಮಾತ್ರೆಗೆ ಅದು ಮಾಮೂಲಿ ತೊಂದರೆ. ನಾನು ತಟ್ಟೆಯಲ್ಲಿದ್ದದ್ದನ್ನು ಕೇಳಿದ್ದೆ, ಮಾತ್ರೆ ಡಬ್ಬಿ ಕೇಳಿರಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿದರು, ನಿಂತಿತು.

ಈಗ ನನ್ನ ಚೀಟಿಯ ಮೇಲ್ಗಡೆ ಎರಡು ತಾರೀಕು ಇರುತ್ತವೆ, ಪಥ್ಯ ಶುರುವಾಗುವ ದಿನ ಮತ್ತು ಮುಗಿಯುವ ದಿನ. ಮುಗಿಯುವ ದಿನವನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಆ ದಿನ ಅವರು ಬರದಿದ್ದರೆ ಸಂಜೆ ನಾನೇ ಫೋನ್ ಮಾಡುತ್ತೇನೆ. ಅಡುಗೆ ಮಾಡುವವರು ಜೊತೆಗೆ ಬರದೆ ಚೀಟಿ ಬರೆಯುವುದಿಲ್ಲ. ಗೋಡೆಯ ಮೇಲೆ ಬ್ರಿಸ್ಟಲ್ ಚಾರ್ಟ್ ಹಾಕಿದ್ದೇನೆ, ಮಲದ ಏಳು ರೂಪದ ಚಿತ್ರ. ಬಾಯಿಬಿಟ್ಟು ಹೇಳಲು ನಾಚುವವರು ಬೆರಳು ತೋರಿಸಿದರೆ ಸಾಕು. ಒಬ್ಬ ಅಮ್ಮ ಮೊದಲನೆಯದಕ್ಕೆ "ಆಡಿನ ಹಿಕ್ಕೆ" ಅಂತ ಹೆಸರಿಟ್ಟರು. ಈಗ ಕ್ಲಿನಿಕ್ಕಿನಲ್ಲಿ ಎಲ್ಲರೂ ಅದನ್ನೇ ಬಳಸುತ್ತೇವೆ. ಡಾಕ್ಟರೂ ಸಹ.

ಹೊಸನಗರದವರ ತೂಕ ಮೂರು ಕೆಜಿ ಏರಿದೆ. ಕಳೆದ ವಾರ ಇಡ್ಲಿ ತಿಂದು ಬಸ್ ಹತ್ತಿದ್ದರು. ಕೂತ ಕೂಡಲೇ ಅದನ್ನೇ ಹೇಳಿದರು. ಹೆಂಡತಿ ನೋಟ್‌ಬುಕ್ ಬಿಡಿಸಿ ಮುಂದಿನ ಪುಟ ತೋರಿಸಿದರು. ಮೇಲೆ "ಪತ್ರೊಡೆ" ಅಂತ ಬರೆದು, ಕೆಳಗೆ ಮೂರು ದಿನಕ್ಕೆ ಗೆರೆ ಎಳೆದಿದ್ದರು. ಎಷ್ಟು ತುಂಡಿನಿಂದ ಶುರು ಮಾಡಲಿ ಅಂತ ಕೇಳಿದರು. ಒಂದು ಅಂದೆ. ಗಂಡ ಎರಡು ಅಂದರು. ಒಂದೂವರೆಗೆ ಒಪ್ಪಿದೆವು. ಮರಗೆಸು ಈಗ ಎಲೆ ಬಿಟ್ಟಿದೆಯಂತೆ, ಈ ಭಾನುವಾರ ಮಾಡುತ್ತಾರೆ.