3 ಟಿಬಿ ಡಿಸ್ಕಿನಲ್ಲಿ 375 ಜಿಬಿ: ಗುರುತು ಸಿಗದ ಹಾರ್ಡ್ ಡಿಸ್ಕಿನ ಕೆಲಸದ ದಿನಚರಿ

ಶುಕ್ರವಾರ ರಾತ್ರಿ

ಮೇಜಿನ ಮೇಲಿಟ್ಟು ಬಳಸುವ 3.5 ಇಂಚಿನ, 3 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಕೇಬಲ್ ಚುಚ್ಚಿದರೆ ದೀಪ ಉರಿಯುತ್ತದೆ, ತಟ್ಟೆಗಳು ತಿರುಗುವ ಸಣ್ಣ ಕಂಪನ ಅಂಗೈಗೆ ತಿಳಿಯುತ್ತದೆ. ಆದರೆ ಕಂಪ್ಯೂಟರಿಗೆ ಅದರ ಸುಳಿವೇ ಇಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಕಾಣುತ್ತಿಲ್ಲ. ಡ್ರೈವಿನ ಅಕ್ಷರ (ಡಿ:, ಇ: ಇತ್ಯಾದಿ) ಕಾಣದಿರುವುದು ಬೇರೆ, ಡಿಸ್ಕೇ ಕಾಣದಿರುವುದು ಬೇರೆ. ಅಕ್ಷರ ಮಾತ್ರ ಇಲ್ಲದಿದ್ದರೆ ಅಲ್ಲೇ ಒಂದನ್ನು ಕೊಟ್ಟರೆ ಸಾಕಾಗುತ್ತಿತ್ತು. ಇಲ್ಲಿ ತೊಂದರೆ ಅದಕ್ಕಿಂತ ಕೆಳಗಿದೆ: ವಿದ್ಯುತ್ತು, ಕೇಬಲ್, ಪೆಟ್ಟಿಗೆಯೊಳಗಿನ ಬೋರ್ಡ್ ಅಥವಾ ಸ್ವತಃ ಡಿಸ್ಕ್.

ಇದರಲ್ಲಿರುವುದು ಮನೆಯ ಹಿರಿಯರ ಧ್ವನಿಮುದ್ರಣಗಳು. ಅವರಲ್ಲಿ ಕೆಲವರು ಈಗ ಇಲ್ಲ. ಹಾಗಾಗಿ ಎಲ್ಲಿ ತಡೆಯಾಗಿದೆ ಎಂದು ಖಚಿತವಾಗುವವರೆಗೆ ಈ ಡಿಸ್ಕಿನ ಮೇಲೆ ಒಂದು ಬೈಟನ್ನೂ ಬರೆಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ವಿಂಡೋಸ್‌ನ ಡಿಸ್ಕ್ ತಪಾಸಣೆಯ ಸಾಧನ ಚೆಕ್‌ಡಿಸ್ಕ್ ಕೂಡ ಬೇಡ. ದುರಸ್ತಿಗೆ ಹೇಳಿದರೆ ಅದು ಡಿಸ್ಕಿನ ಮೇಲೇ ಬರೆಯುತ್ತದೆ.

ಶನಿವಾರ

ಅಡಾಪ್ಟರ್ 12 ವೋಲ್ಟಿನದು. ಡಿಸ್ಕ್ ತಿರುಗುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ನೋಡಿದೆ, ವೋಲ್ಟೇಜ್ ಕುಸಿಯುತ್ತಿಲ್ಲ. (ಅಡಾಪ್ಟರ್ ಇಲ್ಲದ 2.5 ಇಂಚಿನ ಡಿಸ್ಕಾಗಿದ್ದರೆ ಮೊದಲ ಅನುಮಾನ ಪೋರ್ಟಿನ ಮೇಲೆ ಹೋಗಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, 3.0 ಕೊಡಬೇಕಾದದ್ದು 900.) ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಫಲವಿಲ್ಲ.

ಲಿನಕ್ಸ್‌ನಲ್ಲಿ ಕರ್ನಲ್ (ವ್ಯವಸ್ಥೆಯ ತಿರುಳು) ಕೊಡುವ ಸಂದೇಶಗಳನ್ನು ತೆರೆದಿಟ್ಟು ಡಿಸ್ಕನ್ನು ಮತ್ತೆ ಜೋಡಿಸಿದಾಗ ಮೊದಲ ಸುಳಿವು ಸಿಕ್ಕಿತು: ಡಿವೈಸ್ ಡಿಸ್ಕ್ರಿಪ್ಟರ್ ಓದುವಾಗ ದೋಷ, ಸಂಖ್ಯೆ -71. ಕಂಪ್ಯೂಟರ್ ‘ನೀನು ಯಾರು’ ಎಂದು ಕೇಳಿದೆ, ಸರಿಯಾದ ಉತ್ತರ ಬಂದಿಲ್ಲ. ಈ ಪ್ರಶ್ನೆಗೆ ಉತ್ತರಿಸಬೇಕಾದದ್ದು ಡಿಸ್ಕ್ ಅಲ್ಲ, ಯುಎಸ್‌ಬಿ ಮತ್ತು ಸಾಟಾ (ಡಿಸ್ಕನ್ನು ಕಂಪ್ಯೂಟರಿನೊಳಗೆ ಜೋಡಿಸುವ ಸಂಪರ್ಕ) ನಡುವೆ ಕೂತಿರುವ ಪುಟ್ಟ ಬೋರ್ಡ್. ಡಿಸ್ಕಿನಿಂದ ಟಿಕ್ ಟಿಕ್ ಸದ್ದೂ ಇಲ್ಲ. ಆ ಸದ್ದು ಕೇಳಿದ್ದರೆ ತಕ್ಷಣ ವಿದ್ಯುತ್ತು ತೆಗೆದು, ದತ್ತಾಂಶ ಮರಳಿ ಪಡೆಯುವ ತಜ್ಞರ ಬಳಿಗೇ ಒಯ್ಯುತ್ತಿದ್ದೆ.

ಭಾನುವಾರ

ಪೆಟ್ಟಿಗೆ ಬಿಚ್ಚಿದೆ. ಒಳಗಿರುವುದು ಮಾಮೂಲಿ ಸಾಟಾ ಡಿಸ್ಕ್. ಎಷ್ಟೋ ಸಣ್ಣ ಡಿಸ್ಕುಗಳಲ್ಲಿ ಯುಎಸ್‌ಬಿ ಕನೆಕ್ಟರನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಹೀಗೆ ಬಿಡಿಸಿ ನೇರವಾಗಿ ಜೋಡಿಸುವ ದಾರಿ ಇಲ್ಲ. ಡೆಸ್ಕ್‌ಟಾಪಿನ ಸಾಟಾ ಪೋರ್ಟಿಗೆ ನೇರವಾಗಿ ಜೋಡಿಸಿದ ಕೂಡಲೇ ಡಿಸ್ಕ್ ಕಾಣಿಸಿಕೊಂಡಿತು! ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯಲ್ಲಿ 5ನೆಯ ಅಂಶ, ಅಂದರೆ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳು (ದತ್ತಾಂಶ ಇಡುವ ಪುಟ್ಟ ತುಂಡುಗಳು), ಸೊನ್ನೆ. ಓದಲಾಗದೆ ಬಾಕಿ ಉಳಿದವುಗಳನ್ನು ಹೇಳುವ 197ನೆಯ ಅಂಶ ಮಾತ್ರ 8. ಬೇರೇನನ್ನೂ ನೋಡದೆ, ಹಾಳಾದ ಡಿಸ್ಕಿನಿಂದ ಓದಲಾಗುವಷ್ಟನ್ನು ನಕಲಿಸುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿಯನ್ನು ಒಂದು 4 ಟಿಬಿ ಡಿಸ್ಕಿಗೆ ಇಳಿಸಲು ಹಚ್ಚಿದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 3 ಟಿಬಿಗೆ ಐದೂವರೆ ಗಂಟೆ ಬೇಕು.

ಸೋಮವಾರ

ಪ್ರತಿ ಸಿದ್ಧವಾಗಿದೆ, ಓದಲಾಗದೆ ಉಳಿದದ್ದು 4096 ಬೈಟ್ ಮಾತ್ರ. ಆದರೆ ಅದರಲ್ಲಿ ಕಾಣುವುದು 375 ಜಿಬಿಯ ಒಂದೇ ಪಾರ್ಟಿಷನ್ (ಡಿಸ್ಕಿನ ವಿಭಾಗ), ಅದೂ ತೆರೆಯುತ್ತಿಲ್ಲ. ಡಿಸ್ಕ್ 3 ಟಿಬಿ, ಪಾರ್ಟಿಷನ್ 375 ಜಿಬಿ. ಪಾರ್ಟಿಷನ್‌ಗಳ ವಿವರ ಬರೆದಿಟ್ಟ ಪಟ್ಟಿ ಹಾಳಾಗಿದ್ದರೆ ಅಂಕಿಗಳು ಹೀಗೆ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಇದು ಸರಿಯಾಗಿ ಎಂಟನೆಯ ಒಂದು ಭಾಗ!

ಎಂಟು ಎಂದೊಡನೆ ಸೆಕ್ಟರಿನ ಎರಡು ಗಾತ್ರಗಳು, 512 ಮತ್ತು 4096 ಬೈಟ್, ನೆನಪಾದವು. ಹಳೆಯ ಎಂಬಿಆರ್ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಜಾಗ. 512 ಬೈಟಿನ ಸೆಕ್ಟರಾದರೆ ಸುಮಾರು 2.2 ಟಿಬಿಗೆ ಲೆಕ್ಕ ಮುಗಿಯುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲೂ ದೊಡ್ಡ ಡಿಸ್ಕ್ ನಡೆಯಲೆಂದು ಕೆಲವು ಪೆಟ್ಟಿಗೆಗಳ ಬೋರ್ಡು ಎಂಟೆಂಟು ಸೆಕ್ಟರುಗಳನ್ನು ಸೇರಿಸಿ, 4096 ಬೈಟಿನ ಒಂದೊಂದು ಸೆಕ್ಟರೆಂದು ಕಂಪ್ಯೂಟರಿಗೆ ತೋರಿಸುತ್ತಿತ್ತು. ಆ ಬೋರ್ಡು ನಡುವಿನಿಂದ ಸರಿದಾಗ ಅಳತೆಗೋಲೇ ಬದಲಾಯಿತು. ಪಟ್ಟಿಯಲ್ಲಿ ಬರೆದ ಅಂಕಿಗಳು ಹಳೆಯ ಅಳತೆಯವೇ ಆಗಿ ಉಳಿದವು.

ಪರೀಕ್ಷಿಸಲು ಪ್ರತಿಯ ಮೊದಲ ಸೆಕ್ಟರನ್ನು ಬೈಟುಗಳನ್ನು ನೇರವಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದೆ. 454ನೆಯ ಸ್ಥಾನದಲ್ಲಿ ಪಾರ್ಟಿಷನ್ ಆರಂಭವಾಗುವ ಸೆಕ್ಟರ್: 00 01 00 00. ಕೆಳಗಿನ ಬೈಟ್ ಮೊದಲು ಬರುವ ಕ್ರಮದಲ್ಲಿ ಅದು 256. 512ರಿಂದ ಗುಣಿಸಿ ಆ ಜಾಗಕ್ಕೆ ಹೋದರೆ ಬರೀ ಸೊನ್ನೆಗಳು. 4096ರಿಂದ ಗುಣಿಸಿದರೆ 10,48,576. ಅಲ್ಲಿಗೆ ಹಾರಿದೆ. ನಾಲ್ಕನೆಯ ಬೈಟಿನಿಂದಲೇ ಎನ್, ಟಿ, ಎಫ್, ಎಸ್ ಎಂಬ ನಾಲ್ಕು ಅಕ್ಷರಗಳು, ಅಂದರೆ ವಿಂಡೋಸ್ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯ ಹೆಸರು, ಸ್ಪಷ್ಟವಾಗಿ ಕೂತಿದ್ದವು. ಬರೆಯುವಾಗಲೇ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುವ ಬೋರ್ಡುಗಳೂ ಉಂಟು. ಇದು ಅಂಥದ್ದಾಗಿದ್ದರೆ ಈ ಅಕ್ಷರಗಳು ಕಾಣುತ್ತಲೇ ಇರಲಿಲ್ಲ. ಎಷ್ಟು ಹಗುರವಾಯಿತೆಂದರೆ ಎದ್ದು ಕೋಣೆಯಲ್ಲೇ ಒಂದು ಸುತ್ತು ಹಾಕಿದೆ.

ಪ್ರತಿಯನ್ನು 4096 ಬೈಟಿನ ಸೆಕ್ಟರಿರುವ ಲೂಪ್ ಡಿಸ್ಕಾಗಿ (ಕಡತವನ್ನೇ ಡಿಸ್ಕಿನಂತೆ ತೋರಿಸುವ ಲಿನಕ್ಸ್ ಸೌಲಭ್ಯ), ಓದಲಷ್ಟೇ ಅನುಮತಿ ಕೊಟ್ಟು ಜೋಡಿಸಿದೆ. ಪಾರ್ಟಿಷನ್ ಪೂರ್ತಿ ಗಾತ್ರದಲ್ಲಿ ಬಂತು, ಫೋಲ್ಡರುಗಳು ತೆರೆದವು. ಪಾರ್ಟಿಷನ್ ತೆರೆಯದ ಹಂತದಲ್ಲೇ ಅದು ಕಳೆದುಹೋಗಿದೆಯೆಂದು ಭಾವಿಸಿ, ವಿಂಡೋಸ್ ಕೇಳಿತೆಂದು ಫಾರ್ಮ್ಯಾಟ್ ಮಾಡಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಗಾತ್ರವನ್ನು ಎಂಟರಿಂದ ಗುಣಿಸಿ ನೋಡಿ.

ಬುಧವಾರ

ಧ್ವನಿಮುದ್ರಣಗಳನ್ನು ಎರಡು ಬೇರೆ ಡಿಸ್ಕುಗಳಿಗೆ ನಕಲಿಸಿ, ನಕಲು ಸರಿಯಿದೆಯೇ ಎಂದು ತಿಳಿಸುವ ಚೆಕ್‌ಸಮ್ ಅಂಕಿಗಳನ್ನು ಹೋಲಿಸಿದ್ದಾಯಿತು. ಓದಲಾಗದ ಆ 4096 ಬೈಟ್ ಯಾವ ಕಡತದ್ದೆಂದು ಹುಡುಕುವುದು ಬಾಕಿಯಿದೆ. ಹಳೆಯ ಡಿಸ್ಕನ್ನು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಆಮೇಲೆ ಹೊಸ ಪೆಟ್ಟಿಗೆಗೆ ಹಾಕಿ, ಪೂರ್ತಿ ಜಾಗಕ್ಕೆ ಒಮ್ಮೆ ಸೊನ್ನೆ ತುಂಬಿಸಿ, ಎಂಬಿಆರ್ ಬದಲಿಗೆ ಹೊಸ ಬಗೆಯ ಜಿಪಿಟಿ ಪಟ್ಟಿ ಬರೆದು, 197ನೆಯ ಅಂಶ ಇಳಿಯುತ್ತದೆಯೇ ಎಂದು ನೋಡಬೇಕು.