ಅಮ್ಮನ ಕಾಲದವರಿಗೆ ಪರಿಸರ ಕಾಳಜಿ ಇತ್ತಾ? ನನ್ನ ಉತ್ತರ

ತಿಪಟೂರು ಕಡೆಯ ನಮ್ಮ ಹಳ್ಳಿಯ ಬಗ್ಗೆ ನಾನು ಏನು ಬರೆದರೂ ಓದಿದವರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. "ನಿಮ್ಮ ಅಮ್ಮ, ಅಜ್ಜಿ ಏನನ್ನೂ ದಂಡ ಮಾಡುತ್ತಿರಲಿಲ್ಲ. ಅವರಿಗೆ ಪರಿಸರದ ಮೇಲೆ ನಮಗಿಂತ ಜಾಸ್ತಿ ಕಾಳಜಿ ಇತ್ತು, ಅಲ್ವಾ?" ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗಳೂ ಮೊನ್ನೆ ಇದನ್ನೇ ಕೇಳಿದಳು. "ಅತ್ತೆ, ಅಜ್ಜಿಗೆ ಇದೆಲ್ಲ ಯಾರು ಹೇಳಿಕೊಟ್ಟಿದ್ದು?" ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪರಿಸರ ಅನ್ನುವ ಮಾತನ್ನು ಅಮ್ಮನ ಬಾಯಲ್ಲಿ ನಾನು ಕೇಳಿಯೇ ಇಲ್ಲ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. ಇಂದಿರಾ ಗಾಂಧಿ ಹೋಗಿ ಮಾತಾಡಿ ಬಂದರು. ಆ ವರ್ಷ ನಮ್ಮಮ್ಮ ಎಂದಿನಂತೆ ದಿನಕ್ಕೆ 20 ಬಿಂದಿಗೆ ನೀರು ಸೇದುತ್ತಿದ್ದಳು. ನನ್ನ ಉತ್ತರ ಶುರುವಾಗುವುದು ಆ ಬಾವಿಯಿಂದಲೇ.

ಬಾವಿ ಆಳವಿತ್ತು. ರಾಟೆ ಕಿರ್ ಅನ್ನುತ್ತಿತ್ತು. ಹಗ್ಗ ಎಳೆದು ಎಳೆದು ಅಮ್ಮನ ಅಂಗೈ ಗಟ್ಟಿಯಾಗಿತ್ತು. ತುಂಬಿದ ಹಿತ್ತಾಳೆ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಮನೆವರೆಗೆ ನಡೆಯಬೇಕು. ಹೀಗೆ ತಂದ ನೀರನ್ನು ಯಾರಾದರೂ ಸುಮ್ನೆ ಚೆಲ್ಲುತ್ತಾರಾ? ನಾವು ಮುಖ ತೊಳೆಯಲು ಒಂದು ಚೊಂಬು. ಎರಡನೆಯದಕ್ಕೆ ಕೈ ಹಾಕಿದರೆ ಅಮ್ಮ ಬೈಯುತ್ತಿರಲಿಲ್ಲ. "ಹೋಗಿ ಸೇದ್ಕೊಂಡ್ ಬಾ" ಅನ್ನುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು. ಬಚ್ಚಲಿನ ನೀರು ಸಣ್ಣ ಕಾಲುವೆಯಲ್ಲಿ ಹಿತ್ತಲಿಗೆ ಹರಿದು ಕೆಸುವಿಗೂ ಬಾಳೆಗೂ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ಮುದ್ದೆ ಮಾಡಿದ ಪಾತ್ರೆ ತೊಳೆದ ನೀರು ಕಲಗಚ್ಚಿನ ಬಾನಿಗೆ. ಸಂಜೆ ಎಮ್ಮೆ ಅದನ್ನು ಸೊರ್ ಎಂದು ಕುಡಿಯುತ್ತಿತ್ತು.

ನಾನು ಹೇಳಬೇಕಾದದ್ದು ಇದು. ಆಗಿನವರು ವಸ್ತುವನ್ನು ದಂಡ ಮಾಡದೆ ಇದ್ದದ್ದು ಅದರೊಳಗಿನ ದುಡಿಮೆ ಅವರ ಕೈಗೆ, ಬೆನ್ನಿಗೆ ಗೊತ್ತಿದ್ದರಿಂದ. ನೀರು ಸೇದಿದವಳು ಅವಳೇ, ಬಳಸುವವಳೂ ಅವಳೇ. ರಾಗಿ ಬೀಸಿದವಳು ಅವಳೇ, ಮುದ್ದೆ ಕಟ್ಟಿದವಳೂ ಅವಳೇ. ಕೈಯಿಂದ ದುಡಿಮೆ ಹೋದಾಗ ಜತನವೂ ಮೆಲ್ಲಗೆ ಹೋಯಿತು. ನಮ್ಮ ಮನೆಯಲ್ಲೇ ನಾನು ಇದನ್ನು ಕಣ್ಣಾರೆ ಕಂಡೆ.

ರಾಗಿಯನ್ನೇ ನೋಡಿ. ಬೆಳಗಿನ ಜಾವ ಎದ್ದು ಅಜ್ಜಿ ಬೀಸೋಕಲ್ಲಿನ ಮುಂದೆ ಕೂರುತ್ತಿದ್ದಳು. ಒಂದು ದಿನದ ಹಿಟ್ಟಿಗೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತಿತ್ತು. ರಾತ್ರಿ ಉಳಿದ ಮುದ್ದೆಯನ್ನು ನೀರಿನಲ್ಲಿ ನೆನೆ ಹಾಕುತ್ತಿದ್ದರು. ಬೆಳಿಗ್ಗೆ ಅದನ್ನು ಕಿವುಚಿ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದರೆ ಹೊಲಕ್ಕೆ ಹೋಗುವವರಿಗೆ ಊಟ. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ಆ ಮಾತು ಬರುವ ಮೊದಲೇ ನಮ್ಮ ಮನೆಯಲ್ಲಿ ಎಷ್ಟೋ ರಾತ್ರಿ ಬರೀ ಅಂಬಲಿಯಲ್ಲಿ ಕಳೆದಿದೆ ಎಂದು ಅಮ್ಮ ಹೇಳುತ್ತಿದ್ದಳು. ಹಸಿವು ಕಂಡ ಮನೆ ಅನ್ನವನ್ನು ನೋಡುವ ಕಣ್ಣೇ ಬೇರೆ. ಇದನ್ನು ಬಿಟ್ಟು ಆಗಿನ ಕಾಲವನ್ನು ಹೊಗಳಿದರೆ ಅದು ಪೂರ್ತಿ ನಿಜವಾಗುವುದಿಲ್ಲ.

ಆದರೆ ಆ ಕೊರತೆಯಲ್ಲೂ ಎಂಥ ರುಚಿ ಹುಟ್ಟಿತು! ಬಸ್ಸಾರು ನನಗೆ ಇವತ್ತಿಗೂ ಆಶ್ಚರ್ಯವೇ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟು ಸಾರಾಗುತ್ತದೆ. ಬೆಂದ ಸೊಪ್ಪು, ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಒಂದೇ ಒಲೆ, ಒಂದೇ ಸಲದ ಸೌದೆ, ಒಂದೇ ನೀರು. ಊಟಕ್ಕೆ ಮಾತ್ರ ಎರಡು. ಹಬ್ಬದ ದಿನವೂ ಇದೇ ಲೆಕ್ಕ. ಒಬ್ಬಟ್ಟಿಗೆ ಬೇಳೆ ಬೇಯಿಸಿದ ಮೇಲೆ ಬಸಿದ ಕಟ್ಟು ಮಿಗುತ್ತದಲ್ಲ, ಅದಕ್ಕೆ ಒಂದು ಉಂಡೆ ಹೂರಣ ಕಲಸಿ, ಮಸಾಲೆ ರುಬ್ಬಿ ಹಾಕಿದರೆ ಒಬ್ಬಟ್ಟಿನ ಸಾರು. ಒಬ್ಬಟ್ಟಿಗಿಂತ ಆ ಸಾರಿಗಾಗಿ ಕಾಯುವವರು ನಮ್ಮ ಮನೆಯಲ್ಲಿ ಜಾಸ್ತಿ. ಮಾರನೆಯ ದಿನ ಕುದಿಸಿದರೆ ಇನ್ನೂ ರುಚಿ. ಹೀರೆಕಾಯಿ ಸಿಪ್ಪೆಯ ಚಟ್ನಿಯೂ ಹೀಗೇ ಹುಟ್ಟಿರಬೇಕು. ಚೆಲ್ಲಲು ಮನಸ್ಸು ಬಾರದ ಯಾರೋ ಒಬ್ಬ ಹೆಂಗಸು ಸಿಪ್ಪೆ ಕೈಯಲ್ಲಿ ಹಿಡಿದು ಒಂದು ಗಳಿಗೆ ಯೋಚಿಸಿರಬೇಕು.

ನಮ್ಮದು ತೆಂಗಿನ ಸೀಮೆ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ. ಉಳಿದದ್ದೆಲ್ಲ ಮನೆಗೆ. ಸಿಪ್ಪೆ ಹಂಡೆ ಒಲೆಗೆ, ಗುಂಜು ಪಾತ್ರೆ ಉಜ್ಜಲು, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಒಲೆಯ ಬೂದಿಯೂ ಪಾತ್ರೆಗೆ. ಹುಳಿ ಹಿಂಡಿದ ಮೇಲೆ ಉಳಿದ ಹುಣಸೆ ಚರಟ ಹಿತ್ತಾಳೆ ಬೆಳಗಲು.

ಸೀರೆಯ ಕಥೆ ಇನ್ನೂ ಉದ್ದ. ಹತ್ತಿ ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ದಿನದ ಉಡುಗೆಗೆ. ಮಧ್ಯೆ ಸವೆದರೆ ಗಟ್ಟಿ ಇರುವ ಕಡೆ ಕತ್ತರಿಸಿ ನಮಗೆ ಲಂಗ. ಮನೆಯಲ್ಲಿ ಕೂಸು ಹುಟ್ಟಿದರೆ ಮೆತ್ತಗಾದ ತುಂಡು ತೊಟ್ಟಿಲಿಗೆ. ಉಳಿದವನ್ನೆಲ್ಲ ಪದರ ಪದರವಾಗಿ ಜೋಡಿಸಿ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ಅದರಲ್ಲಿ ಯಾರ ಯಾರ ಸೀರೆ ಇದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಕೌದಿಗೂ ಬಾರದ ಚೂರು ಮಸಿಬಟ್ಟೆಯಾಗುತ್ತಿತ್ತು, ಇಲ್ಲವೇ ಸೀಮೆಎಣ್ಣೆ ಬುಡ್ಡಿಯ ಬತ್ತಿಯಾಗುತ್ತಿತ್ತು. ಕೊನೆಗೆ ಒಲೆಗೆ. ಒಂದು ಸೀರೆ ಮನೆಯೊಳಗೆ ಹೀಗೆ ಹದಿನೈದು ಇಪ್ಪತ್ತು ವರ್ಷ ಬದುಕುತ್ತಿತ್ತು. ನೈಲೆಕ್ಸ್ ಎಂಬ ನೈಲಾನ್ ಸೀರೆ ಬಂದಾಗ ಈ ಸರಪಳಿ ಕಡಿಯಿತು. ಅದು ಬಣ್ಣ ಬಿಡದು, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಅಮ್ಮನಿಗೆ ಬಹಳ ಇಷ್ಟವಾಯಿತು. ಆದರೆ ಅದು ನೀರು ಹೀರುವುದಿಲ್ಲ. ಮಸಿಬಟ್ಟೆ ಮಾಡಿಕೊಂಡು ಬಿಸಿ ಪಾತ್ರೆ ಹಿಡಿದರೆ ಕರಗಿ ಕೈಗೆ ಅಂಟುತ್ತದೆ. ಹಳೆಯದಾದ ಮೇಲೆ ಅದಕ್ಕೆ ಮನೆಯಲ್ಲಿ ಜಾಗವೇ ಇರಲಿಲ್ಲ.

ರಿಪೇರಿಯ ಬಗ್ಗೆಯೂ ಹೇಳಬೇಕು. ವರ್ಷಕ್ಕೊಮ್ಮೆ ಕಲಾಯಿ ಸಾಬರು ಊರಿಗೆ ಬರುತ್ತಿದ್ದರು. ಬೇವಿನ ಮರದ ಕೆಳಗೆ ಸಣ್ಣ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತುತ್ತಿದ್ದರು. ಹಿತ್ತಾಳೆ ಪಾತ್ರೆ ಕಾದಾಗ ನವಸಾಗರದ ಪುಡಿ ಎರಚುತ್ತಿದ್ದರು. ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಕೂಡಲೇ ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಬಣ್ಣ. ನಾವು ಮಕ್ಕಳು ಮಧ್ಯಾಹ್ನವೆಲ್ಲ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದೆವು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಹಿಡಿದು ಊಟ ಕೆಡುತ್ತದೆ. ಹಾಗಾಗಿ ಅವರು ಬಾರದೆ ಮನೆ ನಡೆಯುತ್ತಿರಲಿಲ್ಲ. ಅಮ್ಮ ಅವರಿಗೆ ರಾಗಿ ಅಳೆದು ಕೊಡುತ್ತಿದ್ದಳು.

ಆಗ ಪಾತ್ರೆ ದುಬಾರಿ, ಮನುಷ್ಯನ ಕೆಲಸ ಅಗ್ಗ. ಹಾಗಾಗಿ ರಿಪೇರಿ ನಡೆಯುತ್ತಿತ್ತು. ಈಗ ವಸ್ತು ಅಗ್ಗ, ಕೆಲಸ ದುಬಾರಿ. ಮಿಕ್ಸಿ ಕೆಟ್ಟರೆ ಅಂಗಡಿಯವರೇ ಹೊಸದು ತಗೊಳ್ಳಿ ಅನ್ನುತ್ತಾರೆ. ಕಲಾಯಿ ಸಾಬರ ಕೆಲಸಕ್ಕೆ ಆಗ ಸಿಕ್ಕಿದ್ದು ಬಹಳ ಕಡಿಮೆ ಎಂದು ಈಗ ನನಗೆ ಅನ್ನಿಸುತ್ತದೆ. ನಾವು ಉಳಿಸಿದ ದುಡ್ಡಿನಲ್ಲಿ ಅವರ ಪಾಲೂ ಸೇರಿತ್ತು.

ಹೆಂಗಸರ ಪಾಲಂತೂ ಕೇಳಲೇಬೇಡಿ. ಮೇಲೆ ಬರೆದ ಕೆಲಸಗಳನ್ನು ಇನ್ನೊಮ್ಮೆ ಓದಿ. ಸೇದುವುದು, ಬೀಸುವುದು, ಬೆಳಗುವುದು, ಹೊಲಿಯುವುದು. ಎಲ್ಲವೂ ಹೆಂಗಸರದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಶುರು ಮಾಡಿದರು. ಅವರ ತಂಡ ನಮ್ಮ ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಕೂತು, ಸೌದೆ ಎಷ್ಟು, ನೀರು ಎಷ್ಟು, ಯಾರು ಎಷ್ಟು ದುಡಿಯುತ್ತಾರೆ ಎಂದು ಲೆಕ್ಕ ಹಾಕಿತು. ಊರಿನ ದುಡಿಮೆಯಲ್ಲಿ ಹೆಂಗಸರ ಪಾಲೇ ಜಾಸ್ತಿ ಎಂದು ಆ ಲೆಕ್ಕ ತೋರಿಸಿತು. ಅಲ್ಲಿಂದಲೇ ಕಡಿಮೆ ಸೌದೆ, ಕಡಿಮೆ ಹೊಗೆಯ ಅಸ್ತ್ರ ಒಲೆ ಬಂತು. ಪುರ ಎಂಬ ಹಳ್ಳಿಯಲ್ಲಿ 1987ರ ಹೊತ್ತಿಗೆ ಸಗಣಿಯ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿ ನೀರು ಕೊಟ್ಟರು. ಇದನ್ನು ಓದಿದಾಗ ನನಗೆ ಹೊಗೆಯಲ್ಲಿ ಊದುಗೊಳವೆ ಹಿಡಿದು ಕೆಮ್ಮುತ್ತಿದ್ದ ಅಜ್ಜಿ ನೆನಪಾದಳು. ಹಳೆಯದಕ್ಕೆ ವಾಪಸ್ ಹೋಗೋಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹೋಗಬೇಕಾದವರು ಯಾರು, ಬೀಸೋಕಲ್ಲಿನ ಮುಂದೆ ಕೂರುವವರು ಯಾರು ಎಂದು ಕೇಳುತ್ತೇನೆ.

ಪ್ಲಾಸ್ಟಿಕ್ ಬಿಂದಿಗೆ ನಮ್ಮೂರಿಗೆ ಬಂದ ದಿನ ಹೆಂಗಸರ ಮುಖದಲ್ಲಿ ಕಂಡ ಖುಷಿ ನಾನು ಮರೆತಿಲ್ಲ. ಹಿತ್ತಾಳೆಯ ಮುಂದೆ ಅದು ಹೂವಿನಷ್ಟು ಹಗುರ. ಸೊಂಟದ ನೋವಿಗೆ ಅದಕ್ಕಿಂತ ಒಳ್ಳೆಯ ಔಷಧಿ ಯಾರೂ ಕೊಟ್ಟಿರಲಿಲ್ಲ. ಹಾಲಿನ ಪ್ಯಾಕೆಟ್ ಬಂದಾಗ ಅಮ್ಮ ಅದರ ಕವರನ್ನು ತೊಳೆದು ತಂತಿಗೆ ಸಿಕ್ಕಿಸಿ ಒಣಗಿಸುತ್ತಿದ್ದಳು. ಅವಳ ಮಟ್ಟಿಗೆ ಅದೂ ಗಟ್ಟಿ ವಸ್ತುವೇ, ಬಿಸಾಡಲು ಏನು ಕಾರಣ?

ಹಾಗಂತ ಆಗಿನವರು ಏನನ್ನೂ ಬಿಸಾಡುತ್ತಿರಲಿಲ್ಲ ಎಂದಲ್ಲ. ದಿನವೂ ತಿಪ್ಪೆಗೆ ಎಸೆಯುತ್ತಿದ್ದರು. ಎಸೆದದ್ದು ಸಗಣಿ, ಎಲೆ, ಕಸ, ಒಡೆದ ಮಡಕೆ. ಯುಗಾದಿ ಕಳೆದ ಮೇಲೆ ಅದೇ ತಿಪ್ಪೆ ಗೊಬ್ಬರವಾಗಿ ಗಾಡಿ ಏರಿ ಹೊಲಕ್ಕೆ ಹೋಗುತ್ತಿತ್ತು. ಎಸೆಯುವ ಆ ಕೈ ಇವತ್ತೂ ಹಾಗೇ ಇದೆ. ಶಾಂಪೂ ಪೊಟ್ಟಣ, ಗುಟ್ಕಾ ಕವರ್ ಕೂಡ ಅದೇ ತಿಪ್ಪೆಗೆ ಬೀಳುತ್ತದೆ, ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಉಳುವಾಗ ನೇಗಿಲಿಗೆ ಸಿಕ್ಕಿಕೊಂಡು ಮೇಲೆ ಬರುತ್ತದೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಯಾರನ್ನೂ ಬೈಯಲು ಮನಸ್ಸು ಬರುವುದಿಲ್ಲ. ಕೊಳೆಯದ ವಸ್ತುವನ್ನು ಮಾರಿದವರು ಅದನ್ನು ಎಲ್ಲಿಡಬೇಕು ಎಂದು ಹಳ್ಳಿಗೆ ಹೇಳಿಕೊಡಲೇ ಇಲ್ಲ.

ನೀರಿನದೂ ಇದೇ ಕಥೆ. ತಾತನ ಕಾಲದಲ್ಲಿ ತೋಟಕ್ಕೆ ಕಪಿಲೆಯಿಂದ ನೀರು. ಎರಡು ಎತ್ತು ಇಳಿಜಾರಿನಲ್ಲಿ ಇಳಿದು ಹತ್ತಿ, ಇಳಿದು ಹತ್ತಿ ಚರ್ಮದ ಚೀಲದಲ್ಲಿ ನೀರು ಎತ್ತಬೇಕು. ಎತ್ತಿಗೆ ದಣಿವಾದರೆ ನೀರೂ ನಿಂತಿತು. ಈಗ ಬೋರ್‌ವೆಲ್. 10 ಹೆಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟಿನ ಬಿಲ್ ಇಲ್ಲ. ರಾತ್ರಿ ಕರೆಂಟ್ ಬಂದಾಗ ತಾನೇ ಶುರುವಾಗಲಿ ಎಂದು ಸ್ವಿಚ್ ಹಾಕಿಟ್ಟು ಮಲಗುತ್ತಾರೆ. ದಣಿಯುವವರು ಯಾರೂ ಇಲ್ಲ. ಅಮ್ಮ ಸೇದುತ್ತಿದ್ದ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ಮಕ್ಕಳು ಬೀಳದಿರಲಿ ಎಂದು ಮೇಲೆ ಕಲ್ಲು ಚಪ್ಪಡಿ ಹಾಕಿದ್ದೇವೆ.

ಇಷ್ಟೆಲ್ಲ ಕೇಳಿ ತಮ್ಮನ ಮಗಳು, "ಹಾಗಾದ್ರೆ ನಾವು ಏನು ಮಾಡೋದು ಅತ್ತೆ?" ಅಂದಳು. ಅವಳನ್ನು ನಡುಮನೆಯ ಮೂಲೆಗೆ ಕರೆದುಕೊಂಡು ಹೋದೆ. ಬೀಸೋಕಲ್ಲು ಇನ್ನೂ ಅಲ್ಲೇ ಇದೆ. ಒಂದು ಪಾವು ರಾಗಿ ಕೊಟ್ಟೆ. ಬೀಸಿದಳು. ಕೈ ಬದಲಿಸಿ ಬದಲಿಸಿ ಬೀಸಿದಳು. ಬೆವತಳು. ಬಂದ ಹಿಟ್ಟಿನಲ್ಲಿ ಎರಡು ಮುದ್ದೆಯಾಯಿತು. ದಿನಾ ಹೀಗೆ ಮಾಡು ಎಂದು ನಾನು ಅವಳಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಮಿಲ್ಲಿನ ಹಿಟ್ಟೇ ತಗೋ. ಆದರೆ ಒಂದು ಸಲವಾದರೂ ತೋಳಿಗೆ ಗೊತ್ತಾಗಲಿ ಎಂದು ನನ್ನ ಆಸೆ. ನಲ್ಲಿ ಬಂದ ಮೇಲೂ ಅಮ್ಮ ಕೊನೆಯವರೆಗೆ ಚೊಂಬಿನಲ್ಲೇ ಮುಖ ತೊಳೆದಳು. ಅವಳ ಕೈ ಆ ಹಗ್ಗವನ್ನು ಮರೆತಿರಲಿಲ್ಲ.

ಹೋದ ಭಾನುವಾರ ಹುಡುಗಿ ಬೆಂಗಳೂರಿನಿಂದ ಫೋನ್ ಮಾಡಿದಳು. "ಅತ್ತೆ, ಹುರುಳಿಕಾಳು, ಸೊಪ್ಪು ಬೇಯಿಸಿದ್ದೀನಿ. ಕಟ್ಟು ಚೆಲ್ಲಿಲ್ಲ, ಬಸಿದು ಇಟ್ಟಿದ್ದೀನಿ. ಮುಂದೆ?"

"ಈರುಳ್ಳಿ, ಬೆಳ್ಳುಳ್ಳಿ ಹುರ್ಕೋ. ಕಾಯಿ, ಹುಣಸೆಹಣ್ಣು, ಸಾರಿನ ಪುಡಿ ಹಾಕು. ಬೆಂದ ಕಾಳು ಒಂದು ಹಿಡಿ ಅದರ ಜೊತೆಗೇ ಹಾಕಿ ನುಣ್ಣಗೆ ರುಬ್ಬು. ಆಮೇಲೆ ಮಿಕ್ಸಿ ಜಾರ್ ತೊಳೀತೀಯಲ್ಲ, ಆ ನೀರನ್ನೂ ಸಾರಿಗೇ ಹಾಕು" ಎಂದೆ.