ತೊರೆಕಾಡನಹಳ್ಳಿಯಿಂದ ನಿಮ್ಮ ಸಂಪಿನವರೆಗೆ

ಬೆಂಗಳೂರಿನ ಕಾವೇರಿ ನೀರು ಶುದ್ಧವಾಗುವುದು ಬೆಂಗಳೂರಿನಲ್ಲಲ್ಲ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಅಲ್ಲಿಂದ ನಗರಕ್ಕೆ ಸುಮಾರು 100 ಕಿ.ಮೀ. ದೂರ, 500 ಮೀಟರ್ ಏರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಬೇಕು. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು, ಪಂಪಿನಲ್ಲಿ ಏನೂ ಪೋಲಾಗದಿದ್ದರೂ, 1.36 ಯೂನಿಟ್ ಕರೆಂಟ್ ಬೇಕು. ಕಾರು ತೊಳೆಯುವವರು ಲೆಕ್ಕ ಹಾಕಿಕೊಳ್ಳಲಿ.

ಶುದ್ಧೀಕರಣದಲ್ಲಿ ಕೈಚಳಕ ಬೇಕಾಗುವುದು ನೀರಿನ ಕೆಸರನ್ನು ಗಟ್ಟಿಸಿ ತಳಕ್ಕೆ ಕೂರಿಸುವ ಪಟಿಕದ ಪ್ರಮಾಣಕ್ಕೆ. ಆರು ಬೀಕರುಗಳಲ್ಲಿ ಅದೇ ನೀರಿಗೆ ಬೇರೆ ಬೇರೆ ಪ್ರಮಾಣದ ಪಟಿಕ ಹಾಕಿ, ಒಂದು ನಿಮಿಷ ಜೋರಾಗಿ, ಆಮೇಲೆ ಹದಿನೈದಿಪ್ಪತ್ತು ನಿಮಿಷ ನಿಧಾನವಾಗಿ ಕಲಕಿ ಬಿಡುತ್ತಾರೆ. ಗಸಿ ಚೆನ್ನಾಗಿ ಕೂತ ಬೀಕರುಗಳಲ್ಲಿ ಯಾವುದಕ್ಕೆ ಕಡಿಮೆ ಪಟಿಕ ಬಿದ್ದಿದೆಯೋ ಆ ದಿನಕ್ಕೆ ಅದೇ ಅಳತೆ. ಮಳೆಗಾಲದಲ್ಲಿ ಹೊಸನೀರು ಬಂದಾಗ ಬೆಳಗಿನ ಅಳತೆ ಸಂಜೆಗೆ ನಡೆಯುವುದಿಲ್ಲ. ಪಟಿಕ ಹೆಚ್ಚಾದರೆ ಪಿಎಚ್ ಇಳಿಯುತ್ತದೆ, ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ.

ಆಮೇಲೆ 60–75 ಸೆಂ.ಮೀ. ದಪ್ಪದ ಮರಳಿನ ಫಿಲ್ಟರ್. ಮರಳು ಕಟ್ಟಿಕೊಂಡು ಒತ್ತಡ ಸುಮಾರು ಎರಡು ಮೀಟರ್ ನೀರಿನ ಎತ್ತರದಷ್ಟು ಬಿದ್ದಾಗ ಕೆಳಗಿನಿಂದ ಗಾಳಿ ಮತ್ತು ನೀರು ನುಗ್ಗಿಸಿ ತೊಳೆಯಬೇಕು. ತೊಳೆಯುವುದರಲ್ಲಿ ಜಿಪುಣತನ ಮಾಡಿದರೆ ಕೆಸರು ಉಂಡೆಗಟ್ಟಿ, ಮರಳು ಬಿರುಕು ಬಿಟ್ಟು, ನೀರು ಸೋಸದೆಯೇ ಇಳಿದುಹೋಗುತ್ತದೆ. ಕಲಕು 1 ಎನ್‌ಟಿಯು (ನೀರಿನ ಕಲಕು ಅಳೆಯುವ ಮಾನ) ಒಳಗಿದ್ದರೇನೇ ಕ್ಲೋರಿನ್‌ಗೆ ಕೆಲಸ ಸಲೀಸು. ಅದಕ್ಕೂ ಕನಿಷ್ಠ 30 ನಿಮಿಷ ಕೊಡಬೇಕು.

ಇಷ್ಟೆಲ್ಲ ಮಾಡಿದ ನೀರು ಕೆಡುವುದು ನಗರಕ್ಕೆ ಬಂದ ಮೇಲೆ. ನೆಲಮಟ್ಟದ ಜಲಾಗಾರದಲ್ಲಿ ಒಳಹರಿವು, ಹೊರಹರಿವು ಅಕ್ಕಪಕ್ಕದಲ್ಲೇ ಇದ್ದರೆ ಹಿಂದಿನ ಮೂಲೆಯ ನೀರು ಕದಲುವುದೇ ಇಲ್ಲ, ಅದರ ಕ್ಲೋರಿನ್ ಸವೆದುಹೋಗುತ್ತದೆ. ಅದಕ್ಕೇ ಇಲ್ಲಿ ಮತ್ತೊಮ್ಮೆ ಕ್ಲೋರಿನ್ ಸೇರಿಸುತ್ತಾರೆ. ನಿಜವಾದ ಪೀಡೆ ಮಾತ್ರ ದಿನ ಬಿಟ್ಟು ದಿನದ ಸರಬರಾಜು: ವಾಲ್ವ್ ಮುಚ್ಚಿ ಪೈಪು ಖಾಲಿಯಾದಾಗ ಸಡಿಲ ಜಾಯಿಂಟುಗಳು ಪಕ್ಕದ ಚರಂಡಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಲೈನಿಗೇ ಮೋಟರ್ ಹಾಕಿ ಎಳೆಯುವವರು ಈ ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ನೀರು ಬಿಟ್ಟ ಕೂಡಲೇ ಬರುವ ಮೊದಲ ಕೆಲವು ಬಕೆಟ್ ಸಂಪಿಗೆ ಹೋಗದಿರಲಿ, ಗಿಡಕ್ಕೆ ಹೋಗಲಿ.

ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಒಟಿಒ ಕಿಟ್ (ಕ್ಲೋರಿನ್ ಇದ್ದರೆ ನೀರನ್ನು ಹಳದಿಯಾಗಿಸುವ ಹನಿ) ಸಾಕು. ಹನಿ ಹಾಕಿದ ತಕ್ಷಣ ಬಣ್ಣ ನೋಡಿ. ಐದು ನಿಮಿಷ ಬಿಟ್ಟು ನೋಡಿದರೆ ಸೋಂಕಿನ ಮುಂದೆ ಅಷ್ಟು ಬಲವಿಲ್ಲದ, ಅಮೋನಿಯಾದಂಥವುಗಳ ಜೊತೆ ಕಟ್ಟುಬಿದ್ದ ಕ್ಲೋರಿನ್ನೂ ಲೆಕ್ಕಕ್ಕೆ ಸೇರುತ್ತದೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ಸಂಪಿನಲ್ಲಿ ಅದೂ ಇಲ್ಲದಿದ್ದರೆ ಸಾವಿರ ಲೀಟರಿಗೆ 3 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಸುರಿದು ಅರ್ಧ ಗಂಟೆ ಬಿಡಿ. ಈ ಲೆಕ್ಕ 33% ಕ್ಲೋರಿನ್ ಇರುವ ಹೊಸ ಪುಡಿಗೆ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಪೊಟ್ಟಣದಲ್ಲಿ ಬಹುಪಾಲು ಸುಣ್ಣವೇ ಉಳಿದಿರುತ್ತದೆ.